ಜಾನ್ಸನ್‌ರಿಂದ ಉಸಿಕ್‌ವರೆಗೆ: ಹೆವಿವೇಟ್ ಶ್ರೇಷ್ಠರನ್ನು ತೂಗುವ ಬಗೆ

1970ರ ಜನವರಿ 20ರಂದು ಅಮೆರಿಕದ ನೂರಾರು ಚಿತ್ರಮಂದಿರಗಳಲ್ಲಿ ವಿಚಿತ್ರವಾದ ಬಾಕ್ಸಿಂಗ್ ಪಂದ್ಯವೊಂದು ಪ್ರದರ್ಶನಗೊಂಡಿತು. ಒಂದು ಕಡೆ, 1956ರಲ್ಲಿ ಅಜೇಯರಾಗಿಯೇ ನಿವೃತ್ತರಾಗಿದ್ದ ರಾಕಿ ಮಾರ್ಸಿಯಾನೊ. ಇನ್ನೊಂದು ಕಡೆ, ವಿಯೆಟ್ನಾಂ ಯುದ್ಧದ ವೇಳೆ ಸೇನೆಗೆ ಸೇರಲು ನಿರಾಕರಿಸಿ ಪಟ್ಟವನ್ನೂ ಪರವಾನಗಿಯನ್ನೂ ಕಳೆದುಕೊಂಡಿದ್ದ ಮುಹಮ್ಮದ್ ಅಲಿ. ವಾಸ್ತವದಲ್ಲಿ ಇವರಿಬ್ಬರೂ ಎಂದೂ ಎದುರಾಗಿ ಸೆಣಸಿದವರಲ್ಲ. ಮಯಾಮಿಯ ನಿರ್ಮಾಪಕ ಮರ್ರೆ ವೊರೋನರ್ 1969ರಲ್ಲಿ ಇಬ್ಬರನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಿ ಹಲವು ಬಗೆಯ ಸುತ್ತುಗಳನ್ನೂ, ಹಲವು ಬಗೆಯ ಅಂತ್ಯಗಳನ್ನೂ ಚಿತ್ರೀಕರಿಸಿಕೊಂಡಿದ್ದರು. ಗೆದ್ದವರು ಯಾರೆಂಬುದನ್ನು ಕಂಪ್ಯೂಟರ್ ನಿರ್ಧರಿಸಲಿದೆ ಎಂದು ಪ್ರಚಾರ ಮಾಡಲಾಗಿತ್ತು. ಮಾರ್ಸಿಯಾನೊ 13ನೇ ಸುತ್ತಿನಲ್ಲಿ ನಾಕೌಟ್ ಮೂಲಕ ಗೆದ್ದುದನ್ನು ಅಮೆರಿಕದ ಪ್ರೇಕ್ಷಕರು ಕಂಡರು. ಯುರೋಪಿನಲ್ಲಿ ತೋರಿಸಿದ ಆವೃತ್ತಿಯಲ್ಲಿ ಗೆದ್ದವರು ಅಲಿ! ಇದನ್ನು ನೋಡಲು ಮಾರ್ಸಿಯಾನೊ ಉಳಿದಿರಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು ಅವರು ವಿಮಾನ ಅಪಘಾತದಲ್ಲಿ ಮೃತಪಟ್ಟಿದ್ದರು.

ಇದಕ್ಕೂ ಮುನ್ನ, 1967ರಲ್ಲಿ ಇದೇ ನಿರ್ಮಾಪಕರು ರೇಡಿಯೊಕ್ಕಾಗಿ ಹಳೆಯ ಮತ್ತು ಹೊಸ ಚಾಂಪಿಯನ್‌ಗಳ ಕಾಲ್ಪನಿಕ ಟೂರ್ನಿಯೊಂದನ್ನು ನಡೆಸಿದ್ದರು. ಅದರಲ್ಲಿ ಜಿಮ್ ಜೆಫ್ರೀಸ್ ಎದುರು ಅಲಿ ಸೋತರೆಂದು ಕಂಪ್ಯೂಟರ್ ತೀರ್ಪು ಕೊಟ್ಟಿತ್ತು. ಅದನ್ನು ಒಪ್ಪದ ಅಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು.

ಬೇರೆ ಬೇರೆ ಕಾಲದ ಮಲ್ಲರನ್ನು ಒಂದೇ ಕಣದಲ್ಲಿ ನಿಲ್ಲಿಸಿ ನೋಡುವ ಆಸೆ ಬಾಕ್ಸಿಂಗ್‌ನಷ್ಟೇ ಹಳೆಯದು. ಆದರೆ ಕಲ್ಪನೆಯ ಕಣದಲ್ಲಿ ಗೆಲ್ಲುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ದೊರಕಬಹುದಾದ ಪ್ರಶ್ನೆಗಳು ಬೇರೆ ಇವೆ. ಒಬ್ಬ ಚಾಂಪಿಯನ್ ಯಾರನ್ನು ಎದುರಿಸಿದರು? ಯಾವ ನಿಯಮಗಳಡಿ ಹೋರಾಡಿದರು? ಸೋತಾಗ ಏನು ಮಾಡಿದರು? ಎಷ್ಟು ಕಾಲ ನಿಂತರು? ಈ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಶತಮಾನಕ್ಕೂ ಮಿಕ್ಕಿದ ಹೆವಿವೇಟ್ ಇತಿಹಾಸವನ್ನು ತೂಗಿ ನೋಡುವ ಪ್ರಯತ್ನ ಇಲ್ಲಿದೆ.

ಅಂಕಿ-ಅಂಶ ಏಕೆ ಸಾಲದು?

ಕ್ರಿಕೆಟ್‌ನಲ್ಲಿ ಇಂಥ ಚರ್ಚೆ ಎದ್ದಾಗ ಕೈಹಿಡಿಯಲು ಅಂಕಿಗಳಾದರೂ ಇರುತ್ತವೆ. ಡಾನ್ ಬ್ರಾಡ್ಮನ್ ಅವರ ಟೆಸ್ಟ್ ಸರಾಸರಿ 99.94. ನಮ್ಮವರೇ ಆದ ಜಿ.ಆರ್. ವಿಶ್ವನಾಥ್ ಅವರದು 41.93, ರಾಹುಲ್ ದ್ರಾವಿಡ್ ಅವರದು 52.31. ಈ ಅಂಕಿಗಳೇ ಅಂತಿಮವಲ್ಲವಾದರೂ ಚರ್ಚೆಗೆ ಅವು ನೆಲೆ ಒದಗಿಸುತ್ತವೆ. ಏಕೆಂದರೆ ಬ್ಯಾಟ್ಸ್‌ಮನ್ ಎದುರಿಸುವುದು ಒಬ್ಬ ಬೌಲರ್‌ನನ್ನಲ್ಲ, ನೂರಾರು ಬೌಲರ್‌ಗಳನ್ನು.

ಬಾಕ್ಸಿಂಗ್‌ನಲ್ಲಿ ಹಾಗಿಲ್ಲ. ಒಬ್ಬ ಹೆವಿವೇಟ್ ಚಾಂಪಿಯನ್‌ನ ಇಡೀ ಜೀವಮಾನದ ದಾಖಲೆ ಐವತ್ತು-ಅರವತ್ತು ಪಂದ್ಯಗಳದು. ಅದರಲ್ಲಿ ನಿಜವಾಗಿ ತೂಕವುಳ್ಳವು ಹತ್ತು-ಹನ್ನೆರಡು. ಯಾರ ವಿರುದ್ಧ ಆಡಬೇಕೆಂಬುದನ್ನು ಬಹುಮಟ್ಟಿಗೆ ಚಾಂಪಿಯನ್‌ನ ವ್ಯವಸ್ಥಾಪಕರೇ ನಿರ್ಧರಿಸುತ್ತಾರೆ. ಆದುದರಿಂದ ಗೆಲುವಿನ ಸಂಖ್ಯೆಯ ಹಿಂದೆ ಆಯ್ಕೆಯೂ ಅಡಗಿರುತ್ತದೆ, ತಪ್ಪಿಸಿಕೊಳ್ಳುವಿಕೆಯೂ ಅಡಗಿರುತ್ತದೆ.

ಇನ್ನೊಂದು ತೊಡಕೂ ಉಂಟು. 'ಅ' ಎಂಬವರು 'ಆ' ಎಂಬವರನ್ನು ಸೋಲಿಸಿದರೆ, 'ಆ' ಅವರು 'ಇ' ಅವರನ್ನು ಸೋಲಿಸಿದರೆ, 'ಅ' ಅವರೇ 'ಇ' ಅವರಿಗಿಂತ ಮೇಲು ಎನ್ನಲಾಗದು. 1970ರ ದಶಕವೇ ಇದಕ್ಕೆ ಸಾಕ್ಷಿ. ಜೋ ಫ್ರೇಜಿಯರ್ 1971ರಲ್ಲಿ ಅಲಿಯನ್ನು ಸೋಲಿಸಿದರು. ಕೆನ್ ನಾರ್ಟನ್ 1973ರಲ್ಲಿ ಅಲಿಯ ದವಡೆ ಮುರಿದು ಗೆದ್ದರು. ಜಾರ್ಜ್ ಫೋರ್ಮನ್ ಈ ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರನ್ನೂ ಎರಡೆರಡು ಸುತ್ತುಗಳಲ್ಲೇ ಮುಗಿಸಿದರು. ಈ ತರ್ಕದ ಪ್ರಕಾರ ಫೋರ್ಮನ್ ಎದುರು ಅಲಿ ಒಂದು ಸುತ್ತೂ ನಿಲ್ಲಬಾರದಿತ್ತು. ಆದರೆ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ಸುತ್ತಿನಲ್ಲಿ ಕೆಳಗುರುಳಿದವರು ಫೋರ್ಮನ್. ಒಂದೇ ಕಾಲದ, ಒಂದೇ ನಿಯಮದ ನಾಲ್ವರ ನಡುವೆಯೇ ತರ್ಕ ಹೀಗೆ ಕೈಕೊಟ್ಟಿರುವಾಗ, ಅರ್ಧ ಶತಮಾನದ ಅಂತರವಿರುವವರ ನಡುವೆ ಅದನ್ನು ನಂಬುವುದು ಹೇಗೆ?

ನಿಯಮ ಬದಲಾದರೆ ಇತಿಹಾಸವೂ ಬದಲು

ಆಧುನಿಕ ಬಾಕ್ಸಿಂಗ್‌ನ ಬುನಾದಿಯಾದ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾದದ್ದು 1867ರಲ್ಲಿ. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಕೈಗವಸು, ಕೆಳಗೆ ಬಿದ್ದವನಿಗೆ ಹತ್ತು ಸೆಕೆಂಡು – ಇವೆಲ್ಲ ಅಲ್ಲಿಂದ ಬಂದವು. ಅದಕ್ಕೂ ಮೊದಲಿನ ಬರಿಗೈ ಕಾಳಗದಲ್ಲಿ ಒಬ್ಬ ಕೆಳಗೆ ಬಿದ್ದಾಗಲಷ್ಟೇ ಸುತ್ತು ಮುಗಿಯುತ್ತಿತ್ತು. 1889ರಲ್ಲಿ ಜಾನ್ ಎಲ್. ಸಲಿವನ್ ಅವರು ಜೇಕ್ ಕಿಲ್ರೇನ್ ವಿರುದ್ಧ ಗೆದ್ದ ಕೊನೆಯ ಪ್ರಮುಖ ಬರಿಗೈ ಪಂದ್ಯ 75 ಸುತ್ತುಗಳಷ್ಟು, ಎರಡು ಗಂಟೆಗೂ ಹೆಚ್ಚು ಕಾಲ ನಡೆಯಿತು. ಅದೇ ಸಲಿವನ್ 1892ರಲ್ಲಿ ಕೈಗವಸು ತೊಟ್ಟು ಜೇಮ್ಸ್ ಕಾರ್ಬೆಟ್ ಎದುರು 21ನೇ ಸುತ್ತಿನಲ್ಲಿ ಸೋತರು. ಒಂದು ನಿಯಮದ ದೊರೆ ಇನ್ನೊಂದು ನಿಯಮದಡಿ ಸಾಮಾನ್ಯನಾದುದು ಹೀಗೆ.

ಮುಂದೆ ಪಟ್ಟದ ಪಂದ್ಯಗಳು 15 ಸುತ್ತುಗಳಿಗೆ ನೆಲೆಗೊಂಡವು. 1982ರ ನವೆಂಬರ್‌ನಲ್ಲಿ ಅಮೆರಿಕದ ರೇ ಮನ್ಸೀನಿ ವಿರುದ್ಧದ ಲೈಟ್‌ವೇಟ್ ಪಂದ್ಯದ 14ನೇ ಸುತ್ತಿನಲ್ಲಿ ಪೆಟ್ಟು ತಿಂದ ಕೊರಿಯಾದ ಡುಕ್ ಕೂ ಕಿಮ್ ಕೆಲವೇ ದಿನಗಳಲ್ಲಿ ಅಸುನೀಗಿದರು. ಆ ಬಳಿಕ ವಿಶ್ವ ಬಾಕ್ಸಿಂಗ್ ಮಂಡಳಿ ಪಂದ್ಯಗಳನ್ನು 12 ಸುತ್ತುಗಳಿಗೆ ಇಳಿಸಿತು. 1980ರ ದಶಕ ಮುಗಿಯುವುದರೊಳಗೆ ಉಳಿದ ಸಂಸ್ಥೆಗಳೂ ಅದನ್ನು ಅನುಸರಿಸಿದವು.

ಈ ಮೂರು ಸುತ್ತುಗಳ ವ್ಯತ್ಯಾಸ ಅಲ್ಪವಾದುದೇನಲ್ಲ. 1941ರ ಜೂನ್‌ನಲ್ಲಿ ಜೋ ಲೂಯಿಸ್ ವಿರುದ್ಧ ಬಿಲ್ಲಿ ಕಾನ್ 12 ಸುತ್ತು ಮುಗಿದಾಗ ಮೂವರಲ್ಲಿ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಮುಂದಿದ್ದರು. 13ನೇ ಸುತ್ತಿನಲ್ಲಿ ಲೂಯಿಸ್ ನಾಕೌಟ್ ಮಾಡಿ ಪಟ್ಟ ಉಳಿಸಿಕೊಂಡರು. 1952ರಲ್ಲಿ ಜೆರ್ಸಿ ಜೋ ವಾಲ್ಕಾಟ್ ಎದುರು ಮಾರ್ಸಿಯಾನೊ ಮೂವರು ತೀರ್ಪುಗಾರರ ಅಂಕಗಳಲ್ಲೂ ಹಿಂದಿದ್ದರು. 13ನೇ ಸುತ್ತಿನಲ್ಲಿ ಬಿದ್ದ ಒಂದೇ ಒಂದು ಬಲಗೈ ಪೆಟ್ಟು ಅವರನ್ನು ಚಾಂಪಿಯನ್ ಆಗಿಸಿತು. ಇಂದಿನ 12 ಸುತ್ತಿನ ನಿಯಮ ಅಂದು ಜಾರಿಯಲ್ಲಿದ್ದಿದ್ದರೆ ಲೂಯಿಸ್ ಪಟ್ಟ 1941ರಲ್ಲೇ ಕೈತಪ್ಪುತ್ತಿತ್ತು. ಮಾರ್ಸಿಯಾನೊ ಅವರ ಪ್ರಸಿದ್ಧ 49-0 ದಾಖಲೆ ಹುಟ್ಟುತ್ತಲೇ ಇರಲಿಲ್ಲ. ಇನ್ನೊಂದು ಬದಿಯಿಂದ ನೋಡಿದರೆ, ಇಂದಿನ ಚಾಂಪಿಯನ್‌ಗಳಿಗೆ 13, 14, 15ನೇ ಸುತ್ತಿನ ಪರೀಕ್ಷೆಯೇ ಎದುರಾಗಿಲ್ಲ.

ಬಿದ್ದವನ ಕುರಿತ ನಿಯಮವೂ ಬದಲಾಗಿದೆ. 1919ರ ಜುಲೈ 4ರಂದು ಟೊಲಿಡೊದಲ್ಲಿ ಜಾಕ್ ಡೆಂಪ್ಸಿ, ದೈತ್ಯದೇಹಿ ಜೆಸ್ ವಿಲಾರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದರು. ಆಗ ಎದುರಾಳಿ ಏಳುವವರೆಗೆ ಆತನ ಪಕ್ಕದಲ್ಲೇ ನಿಂತು, ಎದ್ದೊಡನೆ ಬಾರಿಸಲು ಅವಕಾಶವಿತ್ತು. ಮುಂದೆ, ಕೆಡವಿದವನು ದೂರದ ತಟಸ್ಥ ಮೂಲೆಗೆ ಹೋದ ಮೇಲೆಯೇ ಎಣಿಕೆ ಆರಂಭಿಸಬೇಕೆಂಬ ನಿಯಮ ಬಂತು. 1927ರಲ್ಲಿ ಶಿಕಾಗೊದಲ್ಲಿ ಜೀನ್ ಟನ್ನಿಯನ್ನು ಕೆಡವಿದ ಡೆಂಪ್ಸಿ ಹಳೆಯ ಅಭ್ಯಾಸದಂತೆ ಅಲ್ಲೇ ನಿಂತರು. ಎಣಿಕೆ ತಡವಾಯಿತು. ಟನ್ನಿಗೆ ಕೆಲವು ಸೆಕೆಂಡು ಹೆಚ್ಚು ದೊರೆಯಿತು. ಎದ್ದು ನಿಂತು ಪಂದ್ಯ ಗೆದ್ದರು.

ಕೈಗವಸಿನ ತೂಕವೂ ಡೆಂಪ್ಸಿ ಕಾಲದ ಐದಾರು ಔನ್ಸ್‌ಗಳಿಂದ ಅಲಿ ಕಾಲಕ್ಕೆ ಎಂಟು, ಇಂದು ಹತ್ತು ಔನ್ಸ್‌ಗೆ ಏರಿದೆ. ದಪ್ಪ ಗವಸು ಸುರಕ್ಷಿತ ಎಂಬ ಭಾವನೆ ಸಾಮಾನ್ಯ. ಆದರೆ ಅದು ಮುಖ್ಯವಾಗಿ ಕಾಯುವುದು ಹೊಡೆಯುವವನ ಬೆರಳಿನ ಮೂಳೆಗಳನ್ನು. ಬರಿಗೈಯವರು ತಲೆಬುರುಡೆಗೆ ಹೊಡೆಯಲು ಹಿಂಜರಿಯುತ್ತಿದ್ದರು. ಗವಸು ತೊಟ್ಟವರಿಗೆ ಆ ಅಳುಕಿಲ್ಲ.

ದೇಹದ ಲೆಕ್ಕ

ಹೆವಿವೇಟ್ ವಿಭಾಗಕ್ಕೆ ಕೆಳಮಿತಿ ಮಾತ್ರ ಇದೆ, ಮೇಲ್ಮಿತಿ ಇಲ್ಲ. ಹಿಂದೆ 175 ಪೌಂಡ್ (ಸುಮಾರು 79 ಕಿಲೋ) ಮೀರಿದವರೆಲ್ಲರೂ ಹೆವಿವೇಟ್. 1970ರ ದಶಕದ ಕೊನೆಯಲ್ಲಿ ನಡುವೆ ಕ್ರೂಸರ್‌ವೇಟ್ ಎಂಬ ವಿಭಾಗ ಸೇರಿತು. ಈಗ ಅದರ ಮಿತಿ 200 ಪೌಂಡ್ (ಸುಮಾರು 91 ಕಿಲೋ).

ಈ ಅಳತೆಗೋಲಿನಿಂದ ನೋಡಿದರೆ ಅಚ್ಚರಿಯಾಗುತ್ತದೆ. ವಿಲಾರ್ಡ್‌ರನ್ನು ಕೆಡವಿದ ದಿನ ಡೆಂಪ್ಸಿ ತೂಕ 187 ಪೌಂಡ್. ಮಾರ್ಸಿಯಾನೊ ತಮ್ಮ ಉಚ್ಛ್ರಾಯದಲ್ಲಿ ತೂಗುತ್ತಿದ್ದುದು 185ರ ಆಸುಪಾಸು. 1938ರಲ್ಲಿ ಷ್ಮೆಲಿಂಗ್ ಅವರನ್ನು ಮಣಿಸಿದ ಲೂಯಿಸ್ ಕೂಡ 200 ಮುಟ್ಟಿರಲಿಲ್ಲ. ಇವರೆಲ್ಲ ಇಂದು ಇದ್ದಿದ್ದರೆ ಕ್ರೂಸರ್‌ವೇಟ್ ವಿಭಾಗಕ್ಕೆ ಸೇರುತ್ತಿದ್ದರು. ಇತ್ತ ಟೈಸನ್ ಫ್ಯೂರಿ ಎತ್ತರ ಆರು ಅಡಿ ಒಂಬತ್ತು ಅಂಗುಲ. 2024ರ ಡಿಸೆಂಬರ್ ಪಂದ್ಯಕ್ಕೆ ಅವರು 281 ಪೌಂಡ್ ತೂಗಿದರು, ಅಂದರೆ 127 ಕಿಲೋ. ಐದು ಅಡಿ ಹತ್ತೂವರೆ ಅಂಗುಲದ ಮಾರ್ಸಿಯಾನೊ ಅವರನ್ನು ಇವರ ಎದುರು ನಿಲ್ಲಿಸುವುದು ನ್ಯಾಯವಾದ ಹೋಲಿಕೆ ಅಲ್ಲ.

ಹಾಗೆಂದು ದೊಡ್ಡ ದೇಹವೇ ಗೆಲುವಿನ ಕೀಲಿಕೈ ಎನ್ನುವಂತೆಯೂ ಇಲ್ಲ. ವಿಲಾರ್ಡ್ ಅವರು ಡೆಂಪ್ಸಿಗಿಂತ 58 ಪೌಂಡ್ ಹೆಚ್ಚು ತೂಗುತ್ತಿದ್ದರು. ಆ ತೂಕ ಅವರನ್ನು ಕಾಯಲಿಲ್ಲ. ನಮ್ಮ ಕಾಲದ ಉದಾಹರಣೆ ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್. ಕ್ರೂಸರ್‌ವೇಟ್‌ನಲ್ಲಿ ಎಲ್ಲ ಪಟ್ಟಗಳನ್ನೂ ಗೆದ್ದು ಮೇಲಿನ ವಿಭಾಗಕ್ಕೆ ಬಂದ ಅವರು ತಮಗಿಂತ ಆರು ಅಂಗುಲ ಎತ್ತರದ ಫ್ಯೂರಿಯನ್ನು 2024ರಲ್ಲಿ ಎರಡು ಬಾರಿ ರಿಯಾದ್‌ನಲ್ಲಿ ಅಂಕಗಳ ಮೇಲೆ ಸೋಲಿಸಿದರು. ಕಾಲ್ಚಳಕ, ದೂರದ ಅಂದಾಜು, ಕೊನೆಯ ಸುತ್ತಿನವರೆಗೂ ಬತ್ತದ ಉಸಿರು – ಇವು ಯಾವ ಕಾಲದಲ್ಲೂ ಬೆಲೆ ಕಳೆದುಕೊಂಡಿಲ್ಲ.

ಕಣಕ್ಕಿಳಿಯಲು ಬಿಡದವರು

ಎಲ್ಲ ಹೋಲಿಕೆಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಚಾಂಪಿಯನ್‌ಗಳ ಪಟ್ಟಿಯಲ್ಲಿ ಇರಬೇಕಾಗಿದ್ದೂ ಇಲ್ಲದವರು ಯಾರು?

ಸಲಿವನ್ ಅವರು ಕಪ್ಪು ವರ್ಣೀಯರೊಂದಿಗೆ ಪಟ್ಟಕ್ಕಾಗಿ ಸೆಣಸುವುದಿಲ್ಲವೆಂದು ಬಹಿರಂಗವಾಗಿಯೇ ಸಾರಿದ್ದರು. ಇದರಿಂದ ಅವಕಾಶ ವಂಚಿತರಾದವರಲ್ಲಿ ಪೀಟರ್ ಜಾಕ್ಸನ್ ಪ್ರಮುಖರು. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಹೆಸರು ಮಾಡಿದ ಜಾಕ್ಸನ್ 1891ರಲ್ಲಿ ಕಾರ್ಬೆಟ್ ಜೊತೆ 61 ಸುತ್ತು ಹೋರಾಡಿ, ಯಾರೂ ಗೆಲ್ಲದೆ ಪಂದ್ಯ ನಿಂತಿತು. ಮರುವರ್ಷ ಸಲಿವನ್ ಅವರನ್ನು ಎದುರಿಸುವ ಅವಕಾಶ ಕಾರ್ಬೆಟ್‌ಗೆ ದೊರೆಯಿತು, ಜಾಕ್ಸನ್‌ಗೆ ದೊರೆಯಲಿಲ್ಲ.

ಈ ಗೋಡೆಯನ್ನು ಮೊದಲು ಒಡೆದವರು ಜಾಕ್ ಜಾನ್ಸನ್. ಅಂದಿನ ಚಾಂಪಿಯನ್ ಟಾಮಿ ಬರ್ನ್ಸ್ ಅವರನ್ನು ಬೆನ್ನಟ್ಟಿ ಹೋಗಿ 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಸೋಲಿಸಿದರು. ಬಿಳಿಯರ ಮಾನ ಉಳಿಸಬೇಕೆಂದು ನಿವೃತ್ತಿಯಿಂದ ಮರಳಿ ಕರೆತಂದ ಜೆಫ್ರೀಸ್ ಅವರನ್ನೂ 1910ರ ಜುಲೈ 4ರಂದು ರೀನೊದಲ್ಲಿ 15ನೇ ಸುತ್ತಿನಲ್ಲಿ ಮಣಿಸಿದರು. ಆ ಸುದ್ದಿ ಹಬ್ಬುತ್ತಲೇ ಅಮೆರಿಕದ ಹಲವು ನಗರಗಳಲ್ಲಿ ಜನಾಂಗೀಯ ಗಲಭೆಗಳು ಭುಗಿಲೆದ್ದು ಅನೇಕರು ಪ್ರಾಣ ತೆತ್ತರು. 1912ರಲ್ಲಿ ಬಾಕ್ಸಿಂಗ್ ಚಲನಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸದಂತೆ ಕಾನೂನೇ ಬಂತು. 1913ರಲ್ಲಿ ಬಿಳಿಯ ಮಹಿಳೆಯೊಂದಿಗಿನ ಸಂಬಂಧವನ್ನು ನೆಪವಾಗಿಸಿ ಜಾನ್ಸನ್‌ಗೆ ಶಿಕ್ಷೆ ವಿಧಿಸಲಾಯಿತು. ಅಮೆರಿಕದ ಅಧ್ಯಕ್ಷರಿಂದ ಅದಕ್ಕೆ ಕ್ಷಮಾದಾನ ದೊರೆತದ್ದು 2018ರಲ್ಲಿ, ಜಾನ್ಸನ್ ತೀರಿಕೊಂಡು 72 ವರ್ಷಗಳಾದ ಮೇಲೆ.

ಇಲ್ಲಿ ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಚಾಂಪಿಯನ್ ಆದ ಮೇಲೆ ಜಾನ್ಸನ್ ಕೂಡ ತಮ್ಮ ಜನಾಂಗದ ಬಲಿಷ್ಠರಿಗೆ ಅವಕಾಶ ಕೊಡಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್ ಅವರ ಸವಾಲನ್ನು ಅವರು ಸ್ವೀಕರಿಸಲೇ ಇಲ್ಲ. ಬಿಳಿಯ ಎದುರಾಳಿಯೊಂದಿಗಿನ ಪಂದ್ಯಕ್ಕೆ ಹಣ ಹೆಚ್ಚು, ಅಪಾಯ ಕಡಿಮೆ ಎಂಬುದು ಆ ಕಾಲದ ವ್ಯಾಪಾರ ಸತ್ಯವಾಗಿತ್ತು. ಐದಡಿ ಏಳು ಅಂಗುಲದಷ್ಟೇ ಎತ್ತರದ ಲ್ಯಾಂಗ್‌ಫರ್ಡ್ ಲೈಟ್‌ವೇಟ್‌ನಿಂದ ಹೆವಿವೇಟ್‌ವರೆಗೆ ಎಲ್ಲರೊಂದಿಗೂ ಸೆಣಸಿದವರು. ಒಮ್ಮೆಯೂ ಹೆವಿವೇಟ್ ವಿಶ್ವ ಪಟ್ಟದ ಪಂದ್ಯ ದೊರೆಯಲಿಲ್ಲ. 1944ರಲ್ಲಿ ಪತ್ರಕರ್ತರೊಬ್ಬರು ಹುಡುಕಿಕೊಂಡು ಹೋದಾಗ, ಎರಡೂ ಕಣ್ಣು ಕಳೆದುಕೊಂಡು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಕಡುಬಡತನದಲ್ಲಿದ್ದರು.

ಡೆಂಪ್ಸಿ ಕಾಲದಲ್ಲಿ ಈ ಪಾಡು ಹ್ಯಾರಿ ವಿಲ್ಸ್ ಅವರದಾಯಿತು. ಇಬ್ಬರ ನಡುವೆ ಪಂದ್ಯ ನಡೆಯಬೇಕೆಂಬ ಮಾತು ವರ್ಷಗಟ್ಟಲೆ ನಡೆದರೂ ಪಂದ್ಯ ನಡೆಯಲಿಲ್ಲ. ಜಾನ್ಸನ್ 1915ರಲ್ಲಿ ಹವಾನಾದಲ್ಲಿ ಸೋತ ನಂತರ 1937ರವರೆಗೆ ಕಪ್ಪು ವರ್ಣೀಯರಾರಿಗೂ ಈ ಪಟ್ಟಕ್ಕಾಗಿ ಹೋರಾಡುವ ಅವಕಾಶ ಸಿಗಲಿಲ್ಲ. ಆದುದರಿಂದ 1937ಕ್ಕೆ ಮೊದಲಿನ ಯಾವ ಶ್ರೇಷ್ಠರ ಪಟ್ಟಿಯೂ ಅರ್ಧ ಪಟ್ಟಿಯೇ.

ಜೋ ಲೂಯಿಸ್: ಹನ್ನೆರಡು ವರ್ಷಗಳ ಆಳ್ವಿಕೆ

1937ರ ಜೂನ್ 22ರಂದು ಜೇಮ್ಸ್ ಬ್ರಾಡಕ್ ಅವರನ್ನು ಸೋಲಿಸಿದ ಲೂಯಿಸ್ 1949ರ ಮಾರ್ಚ್‌ವರೆಗೆ ಚಾಂಪಿಯನ್ ಆಗಿ ಉಳಿದರು. 25 ಬಾರಿ ಪಟ್ಟ ಉಳಿಸಿಕೊಂಡರು. ಈ ವಿಭಾಗದಲ್ಲಿ ಆ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ. 1941ರ ಒಂದೇ ವರ್ಷದಲ್ಲಿ ಏಳು ಬಾರಿ ಅವರು ಪಟ್ಟವನ್ನು ಪಣಕ್ಕಿಟ್ಟರು. ಈಗಿನ ಚಾಂಪಿಯನ್‌ಗಳು ವರ್ಷಕ್ಕೆ ಒಂದೆರಡು ಪಂದ್ಯ ಆಡಿದರೆ ಹೆಚ್ಚು. ಆ ಏಳರಲ್ಲಿ ಕೆಲವರು ಸಾಧಾರಣ ಎದುರಾಳಿಗಳಾಗಿದ್ದರೆಂಬುದು ನಿಜ; ಅಂದಿನ ಪತ್ರಿಕೆಗಳೇ ಇದನ್ನು ಲೇವಡಿ ಮಾಡಿದ್ದವು.

ಲೂಯಿಸ್ ಅವರ ಹಿರಿಮೆ ಕಾಣುವುದು ಸೋಲಿನ ನಂತರ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವರನ್ನು 12ನೇ ಸುತ್ತಿನಲ್ಲಿ ಕೆಡವಿದ್ದರು. ಜ್ಯಾಬ್ ಹೊಡೆದ ಮೇಲೆ ಲೂಯಿಸ್ ಎಡಗೈ ಕೆಳಗಿಳಿಯುವುದನ್ನು ಷ್ಮೆಲಿಂಗ್ ಗುರುತಿಸಿದ್ದರು. 1938ರ ಜೂನ್ 22ರಂದು, ಎರಡನೇ ಮಹಾಯುದ್ಧದ ಮೋಡ ಕವಿಯುತ್ತಿದ್ದ ಹೊತ್ತಿನಲ್ಲಿ ಯಾಂಕಿ ಸ್ಟೇಡಿಯಂನಲ್ಲಿ ನಡೆದ ಮರುಪಂದ್ಯ 124 ಸೆಕೆಂಡುಗಳಲ್ಲಿ ಮುಗಿಯಿತು. ಗೆದ್ದವರು ಲೂಯಿಸ್. ಮುಂದೆ ಇಬ್ಬರೂ ಆಪ್ತ ಸ್ನೇಹಿತರಾದರು. 1981ರಲ್ಲಿ ಲೂಯಿಸ್ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚಕ್ಕೂ ಷ್ಮೆಲಿಂಗ್ ನೆರವಾದರು.

ಮಾರ್ಸಿಯಾನೊ: ಸೊನ್ನೆಯ ತೂಕ

49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಅಜೇಯರಾಗಿಯೇ ನಿವೃತ್ತರಾಗಿ ಮತ್ತೆ ಕಣಕ್ಕೆ ಮರಳದ ಹೆವಿವೇಟ್ ಚಾಂಪಿಯನ್ ಎಂಬ ಕೀರ್ತಿ ಮಾರ್ಸಿಯಾನೊ ಅವರದು. ಆದರೆ ಎದುರಾಳಿಗಳ ವಯಸ್ಸನ್ನೂ ನೋಡಬೇಕಾಗುತ್ತದೆ. 1951ರಲ್ಲಿ ಅವರು ಸೋಲಿಸಿದಾಗ ಲೂಯಿಸ್‌ಗೆ 37 ವರ್ಷ. ತೆರಿಗೆ ಸಾಲದ ಹೊರೆಯಿಂದಾಗಿ ನಿವೃತ್ತಿ ಮುರಿದು ಬಂದಿದ್ದರು. ಪಟ್ಟ ಬಿಟ್ಟುಕೊಟ್ಟ ವಾಲ್ಕಾಟ್‌ಗೆ 38. 1955ರ ಕೊನೆಯ ಪಂದ್ಯದ ಎದುರಾಳಿ ಆರ್ಚಿ ಮೂರ್ ಅವರಿಗೂ ವಯಸ್ಸು ನಲವತ್ತಕ್ಕೆ ಸಮೀಪಿಸಿತ್ತು.

ಇದರಿಂದ ಮಾರ್ಸಿಯಾನೊ ಹಿರಿಮೆ ಇಲ್ಲವಾಗುವುದಿಲ್ಲ. 1954ರಲ್ಲಿ ಎಜರ್ಡ್ ಚಾರ್ಲ್ಸ್ ಎದುರಿನ ಎರಡನೇ ಪಂದ್ಯದಲ್ಲಿ ಮೂಗು ಸೀಳಿಹೋಗಿ ಪಂದ್ಯ ನಿಲ್ಲಿಸುವ ಸ್ಥಿತಿ ಬಂದಾಗ, ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿ ಗೆದ್ದ ಛಲ ಅವರದು. ತಮ್ಮ ಮುಂದೆ ಬಂದವರನ್ನೆಲ್ಲ ಸೋಲಿಸುವುದಷ್ಟೇ ಚಾಂಪಿಯನ್ ಒಬ್ಬರ ಕೈಯಲ್ಲಿರುವುದು. ಬಲಿಷ್ಠ ಎದುರಾಳಿಗಳನ್ನು ಕಾಲವೇ ಒದಗಿಸಬೇಕು. ಮಾರ್ಸಿಯಾನೊಗೆ ಒದಗದ ಆ ಎದುರಾಳಿಗಳು ಅಲಿಗೆ ಒದಗಿದರು.

ಅಲಿ: ಎದುರಾಳಿಗಳೇ ಅಳತೆಗೋಲು

1964ರಲ್ಲಿ ಸನ್ನಿ ಲಿಸ್ಟನ್ ಅವರನ್ನು ಸೋಲಿಸಿದ 22ರ ತರುಣ ಅಲಿ ಕಾಲ್ಚಳಕದಿಂದ ಗೆದ್ದವರು. 1966ರ ಒಂದೇ ವರ್ಷದಲ್ಲಿ ಐದು ಬಾರಿ ಪಟ್ಟ ಉಳಿಸಿಕೊಂಡರು. 1967ರ ಮಾರ್ಚ್‌ನಿಂದ 1970ರ ಅಕ್ಟೋಬರ್‌ವರೆಗೆ, ಅಂದರೆ 25ರಿಂದ 28ರ ವಯಸ್ಸಿನವರೆಗೆ, ಅವರಿಗೆ ಕಣವೇ ನಿಷಿದ್ಧವಾಗಿತ್ತು. ಬಾಕ್ಸರ್ ಒಬ್ಬನ ಬಾಳಿನಲ್ಲಿ ಅತ್ಯುತ್ತಮವೆನಿಸುವ ವರ್ಷಗಳು ಹೀಗೆ ಕೈಜಾರಿದವು. 1971ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿತಾದರೂ ಹೋದ ವರ್ಷಗಳು ಮರಳಲಿಲ್ಲ.

ಮರಳಿ ಬಂದ ಅಲಿ ಬೇರೆಯೇ ಬಾಕ್ಸರ್. ಕಾಲುಗಳು ನಿಧಾನಿಸಿದ್ದವು. ಅದರ ಬದಲು ಪೆಟ್ಟು ತಾಳಿಕೊಳ್ಳುವ ಶಕ್ತಿ, ಎದುರಾಳಿಯ ಮನಸ್ಸನ್ನು ಓದುವ ಬುದ್ಧಿ ಮುಂದೆ ಬಂದವು. 40 ಪಂದ್ಯಗಳಲ್ಲಿ 37 ನಾಕೌಟ್ ಮಾಡಿದ್ದ ಫೋರ್ಮನ್ ಎದುರು ಹಗ್ಗಕ್ಕೆ ಒರಗಿ, ಅವರು ಹೊಡೆದು ಹೊಡೆದು ದಣಿಯುವವರೆಗೆ ಕಾದರು. 1975ರಲ್ಲಿ ಮನಿಲಾದಲ್ಲಿ ಫ್ರೇಜಿಯರ್ ವಿರುದ್ಧದ ಮೂರನೇ ಪಂದ್ಯ 14 ಸುತ್ತುಗಳವರೆಗೆ ನಡೆದು, 15ನೇ ಸುತ್ತಿಗೆ ಫ್ರೇಜಿಯರ್ ಅವರನ್ನು ತರಬೇತುದಾರ ಎಡ್ಡಿ ಫಚ್ ಬಿಡದೆ ಇದ್ದುದರಿಂದ ಮುಗಿಯಿತು.

ತಮ್ಮನ್ನು ಸೋಲಿಸಿದ ಫ್ರೇಜಿಯರ್, ನಾರ್ಟನ್, ಲಿಯಾನ್ ಸ್ಪಿಂಕ್ಸ್ ಮೂವರನ್ನೂ ಅಲಿ ಮರಳಿ ಸೋಲಿಸಿದರು. ಲಿಸ್ಟನ್, ಫ್ರೇಜಿಯರ್, ಫೋರ್ಮನ್ ಮೂವರೂ ತಮ್ಮ ತಮ್ಮ ಕಾಲದಲ್ಲಿ ಅಜೇಯರೆಂದೇ ಭಾವಿಸಲ್ಪಟ್ಟವರು. ಇಂಥ ಎದುರಾಳಿಗಳ ಸಾಲು ಬೇರೆ ಯಾವ ಚಾಂಪಿಯನ್ ದಾಖಲೆಯಲ್ಲೂ ಕಾಣಸಿಗದು. ಭಾರತಕ್ಕೂ ಅಲಿ ಬಂದಿದ್ದರೆಂಬುದು ಇಲ್ಲಿ ಉಲ್ಲೇಖಾರ್ಹ. 1980ರ ಜನವರಿಯಲ್ಲಿ ದೆಹಲಿಯಲ್ಲಿ ಸೇನೆಯ ಬಾಕ್ಸರ್ ಕೌರ್ ಸಿಂಗ್ ಅವರೊಂದಿಗೆ ನಾಲ್ಕು ಸುತ್ತುಗಳ ಪ್ರದರ್ಶನ ಪಂದ್ಯ ಆಡಿದರು. ಅದೇ ಕೌರ್ ಸಿಂಗ್ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಹೆವಿವೇಟ್ ಚಿನ್ನ ಗೆದ್ದರು.

ಹೋಮ್ಸ್, ಟೈಸನ್, ಲೆನಕ್ಸ್ ಲೂಯಿಸ್

ಅಲಿಯ ನೆರಳಿನಲ್ಲಿ ಮರೆಯಾದವರು ಲ್ಯಾರಿ ಹೋಮ್ಸ್. 1978ರಿಂದ 1985ರವರೆಗೆ ಚಾಂಪಿಯನ್ ಆಗಿದ್ದು, ಸತತ 48 ಗೆಲುವು ಕಂಡವರು. ಇನ್ನೊಂದು ಗೆದ್ದಿದ್ದರೆ ಮಾರ್ಸಿಯಾನೊ ಅವರನ್ನು ಸರಿಗಟ್ಟುತ್ತಿದ್ದರು. ಮೈಕೆಲ್ ಸ್ಪಿಂಕ್ಸ್ ಅದನ್ನು ತಪ್ಪಿಸಿದರು. ಹೋಮ್ಸ್ ಅವರ ಎಡಗೈ ಜ್ಯಾಬ್ ಈ ವಿಭಾಗ ಕಂಡ ಅತ್ಯುತ್ತಮ ಜ್ಯಾಬ್‌ಗಳಲ್ಲೊಂದೆಂದು ಪರಿಣತರು ಒಪ್ಪುತ್ತಾರೆ.

1986ರಲ್ಲಿ 20 ವರ್ಷ ನಾಲ್ಕು ತಿಂಗಳ ವಯಸ್ಸಿನಲ್ಲಿ ಪಟ್ಟ ಗೆದ್ದ ಮೈಕ್ ಟೈಸನ್ ಈ ವಿಭಾಗದ ಅತಿ ಕಿರಿಯ ಚಾಂಪಿಯನ್. 1988ರಲ್ಲಿ ಸ್ಪಿಂಕ್ಸ್ ಅವರನ್ನು 91 ಸೆಕೆಂಡುಗಳಲ್ಲಿ ಮುಗಿಸಿದರು. ಟೆಲಿವಿಷನ್‌ನಲ್ಲಿ ಅವರನ್ನು ಕಂಡ ತಲೆಮಾರಿಗೆ ಅವರನ್ನು ಮೀರಿಸಿದ ಭಯಂಕರ ಬಾಕ್ಸರ್ ಇನ್ನೊಬ್ಬರಿಲ್ಲ. ಆದರೆ 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್, 1996ರಲ್ಲಿ ಇವಾಂಡರ್ ಹೋಲಿಫೀಲ್ಡ್, 2002ರಲ್ಲಿ ಲೆನಕ್ಸ್ ಲೂಯಿಸ್ ಅವರನ್ನು ಸೋಲಿಸಿದರು. ತಮ್ಮನ್ನು ಸೋಲಿಸಿದ ಒಬ್ಬರನ್ನೂ ಟೈಸನ್ ಮರಳಿ ಸೋಲಿಸಲಿಲ್ಲ. 1997ರಲ್ಲಿ ಹೋಲಿಫೀಲ್ಡ್ ಜೊತೆಗಿನ ಮರುಪಂದ್ಯದಲ್ಲಿ ಕಿವಿ ಕಚ್ಚಿ ಅನರ್ಹಗೊಂಡರು.

ಬ್ರಿಟನ್ನಿನ ಲೆನಕ್ಸ್ ಲೂಯಿಸ್ ಇದಕ್ಕೆ ವಿರುದ್ಧ. ಆಲಿವರ್ ಮೆಕಾಲ್ ಮತ್ತು ಹಸೀಮ್ ರಹಮಾನ್ ಎದುರು ಆಘಾತಕಾರಿಯಾಗಿ ನಾಕೌಟ್ ಆದರೂ ಇಬ್ಬರನ್ನೂ ಮರುಪಂದ್ಯಗಳಲ್ಲಿ ಮಣಿಸಿದರು. ವೃತ್ತಿಪರರಾಗಿ ಎದುರಿಸಿದ ಪ್ರತಿಯೊಬ್ಬರ ಮೇಲೂ ಒಂದಾದರೂ ಗೆಲುವು ಅವರ ಹೆಸರಿನಲ್ಲಿದೆ. ಅವರು 2004ರಲ್ಲಿ ನಿವೃತ್ತರಾದ ಬಳಿಕ ಉಕ್ರೇನ್‌ನ ಕ್ಲಿಚ್ಕೊ ಸಹೋದರರ ಯುಗ ಆರಂಭವಾಯಿತು. ಅಣ್ಣ ವಿಟಾಲಿ, ತಮ್ಮ ವ್ಲಾಡಿಮಿರ್ ಪರಸ್ಪರ ಹೋರಾಡದ ಕಾರಣ ಇಬ್ಬರ ನಡುವೆ ಪಟ್ಟಗಳು ಹಂಚಿಹೋದವು. ಅಂತಿಮವಾಗಿ 2024ರ ಮೇ ತಿಂಗಳಲ್ಲಿ ಫ್ಯೂರಿಯನ್ನು ಸೋಲಿಸಿದ ಉಸಿಕ್, ಲೆನಕ್ಸ್ ನಂತರದ ಮೊದಲ ನಿರ್ವಿವಾದ ಚಾಂಪಿಯನ್ ಎನಿಸಿದರು. 2025ರ ಜುಲೈನಲ್ಲಿ ಲಂಡನ್‌ನಲ್ಲಿ ಡೇನಿಯಲ್ ಡುಬುವಾ ಅವರನ್ನು ಐದನೇ ಸುತ್ತಿನಲ್ಲಿ ಕೆಡವಿ ಆ ಸ್ಥಾನವನ್ನು ಮತ್ತೊಮ್ಮೆ ಪಡೆದರು.

ಶ್ರೇಷ್ಠತೆಗೆ ತೆತ್ತ ಬೆಲೆ

ಯಾರು ಶ್ರೇಷ್ಠರೆಂದು ವಾದಿಸುವಾಗ ಅವರು ತೆತ್ತ ಬೆಲೆಯನ್ನು ಮರೆಯಲಾಗದು. ತಲೆಗೆ ಪದೇ ಪದೇ ಬೀಳುವ ಪೆಟ್ಟಿನಿಂದ ಬಾಕ್ಸರ್‌ಗಳ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆಂದು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಷ್ಟು ಹಿಂದೆಯೇ ಬರೆದಿದ್ದರು. ಅಲಿ ಹಾಗೂ ಫ್ರೇಜಿಯರ್ ಇಬ್ಬರೊಂದಿಗೂ ಸೆಣಸಿದ್ದ ಜೆರ್ರಿ ಕ್ವಾರಿ ಇದೇ ಬಗೆಯ ಮಿದುಳು ಕಾಯಿಲೆಯಿಂದ ನರಳಿ 1999ರಲ್ಲಿ 53ರ ವಯಸ್ಸಿನಲ್ಲೇ ತೀರಿಕೊಂಡರು. 1980ರ ಅಕ್ಟೋಬರ್‌ನಲ್ಲಿ, 38ರ ವಯಸ್ಸಿನಲ್ಲಿ ಹೋಮ್ಸ್ ಎದುರು ಅಲಿ ಹತ್ತು ಸುತ್ತು ಪೆಟ್ಟು ತಿಂದರು. 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಲಕ್ಷಣಗಳಿರುವುದು ಪ್ರಕಟವಾಯಿತು. ಮಾತಿನ ಮಲ್ಲನೆಂದೇ ಹೆಸರಾಗಿದ್ದ ಅವರು 2016ರ ಜೂನ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಬಹು ವರ್ಷಗಳಿಂದ ಮಾತು ಸೋತಿದ್ದರು. ಫೋರ್ಮನ್ ಎದುರು ಹಗ್ಗಕ್ಕೆ ಒರಗಿ ಪೆಟ್ಟು ತಾಳಿಕೊಂಡ ಸಾಮರ್ಥ್ಯವನ್ನು ಮೆಚ್ಚುವಾಗ ಈ ಕೊನೆಯನ್ನೂ ನೆನೆಯಬೇಕಾಗುತ್ತದೆ.

ಅಂತಿಮ ತೂಕ

ಬಾಕ್ಸಿಂಗ್ ಪತ್ರಿಕೋದ್ಯಮದ ಹಿರಿಯ, 'ದಿ ರಿಂಗ್' ಪತ್ರಿಕೆಯ ಸ್ಥಾಪಕ ನ್ಯಾಟ್ ಫ್ಲೈಷರ್ 1972ರಲ್ಲಿ ತೀರಿಕೊಳ್ಳುವವರೆಗೂ ಜಾನ್ಸನ್ ಅವರೇ ಸರ್ವಶ್ರೇಷ್ಠರೆಂದು ನಂಬಿದ್ದರು. ಅಲಿಗೆ ತಮ್ಮ ಮೊದಲ ಹತ್ತರಲ್ಲಿ ಅವರು ಸ್ಥಾನ ಕೊಡಲಿಲ್ಲ. 1999ರಲ್ಲಿ ಬಿಬಿಸಿ ನಡೆಸಿದ ಆಯ್ಕೆಯಲ್ಲಿ ಶತಮಾನದ ಕ್ರೀಡಾಪಟುವಾಗಿ ಆರಿಸಿಬಂದವರು ಅದೇ ಅಲಿ. ಟೈಸನ್ ಆಟ ನೋಡಿ ಬೆಳೆದವರು ಟೈಸನ್ ಹೆಸರನ್ನೇ ಹೇಳುತ್ತಾರೆ. ತಾರುಣ್ಯದಲ್ಲಿ ಕಂಡ ವೀರನೇ ಮೇಲೆಂದು ತೋರುವುದು ಮನುಷ್ಯ ಸಹಜ. ಆದ್ದರಿಂದಲೇ ಆರಂಭದಲ್ಲಿ ಹೇಳಿದ ನಾಲ್ಕು ಪ್ರಶ್ನೆಗಳು ಬೇಕಾಗುತ್ತವೆ.

ಎಷ್ಟು ಕಾಲ ನಿಂತರು ಎಂಬುದಕ್ಕೆ ಉತ್ತರ ಜೋ ಲೂಯಿಸ್. ಯಾರನ್ನು ಎದುರಿಸಿದರು, ಸೋತ ಮೇಲೆ ಏನು ಮಾಡಿದರು ಎಂಬುದಕ್ಕೆ ಉತ್ತರ ಮುಹಮ್ಮದ್ ಅಲಿ. ಯಾವ ಪರಿಸ್ಥಿತಿಯಲ್ಲಿ, ಯಾವ ನಿಯಮಗಳಡಿ ಎಂಬುದಕ್ಕೆ ಉತ್ತರ ಜಾಕ್ ಜಾನ್ಸನ್. ಮೂರನ್ನೂ ಕೂಡಿಸಿ ತೂಗಿದರೆ ಅಲಿ ಮೊದಲು, ಲೂಯಿಸ್ ಅವರ ಬೆನ್ನಿಗೇ ಎನ್ನುವುದು ಸಮಂಜಸ. ಲೆನಕ್ಸ್ ಲೂಯಿಸ್ ಅಥವಾ ಫ್ಯೂರಿ ತಮ್ಮ ಎತ್ತರ-ತೂಕದಿಂದ ಇವರಿಬ್ಬರನ್ನೂ ಸೋಲಿಸುತ್ತಿದ್ದರೇನೋ. ಆದರೆ ಅದು ದೇಹದ ಬೆಳವಣಿಗೆಯ ಮಾತು, ಶ್ರೇಷ್ಠತೆಯ ಮಾತಲ್ಲ. ತನ್ನ ಕಾಲದ ಅತ್ಯಂತ ಬಲಿಷ್ಠರನ್ನು ಹುಡುಕಿ ಎದುರಿಸಿದವನೇ ಶ್ರೇಷ್ಠ ಎಂಬ ಅಳತೆ ಎಲ್ಲ ಕಾಲಕ್ಕೂ ಸಲ್ಲುತ್ತದೆ. ಆ ಅಳತೆಯಿಂದ ಪಟ್ಟಿ ಮಾಡುವಾಗ, ಎದುರಿಸಲು ಸಿದ್ಧರಿದ್ದೂ ಬಾಗಿಲು ಮುಚ್ಚಲ್ಪಟ್ಟ ಪೀಟರ್ ಜಾಕ್ಸನ್, ಸ್ಯಾಮ್ ಲ್ಯಾಂಗ್‌ಫರ್ಡ್, ಹ್ಯಾರಿ ವಿಲ್ಸ್ ಅವರ ಹೆಸರುಗಳಿಗೂ ಜಾಗ ಬಿಡುವುದು ನ್ಯಾಯ.

ಒಂದು ನೋಟದಲ್ಲಿ

ಜಾಕ್ ಜಾನ್ಸನ್ (1878–1946): ಚಾಂಪಿಯನ್ 1908–1915. ಮೊದಲ ಕಪ್ಪು ವರ್ಣೀಯ ಹೆವಿವೇಟ್ ವಿಶ್ವ ಚಾಂಪಿಯನ್.

ಜಾಕ್ ಡೆಂಪ್ಸಿ: ಚಾಂಪಿಯನ್ 1919–1926. ಟನ್ನಿ ಎದುರು ಎರಡು ಸೋಲು.

ಜೋ ಲೂಯಿಸ್ (1914–1981): ಚಾಂಪಿಯನ್ 1937–1949. 66 ಗೆಲುವು (52 ನಾಕೌಟ್), 3 ಸೋಲು. 25 ಬಾರಿ ಪಟ್ಟ ರಕ್ಷಣೆ.

ರಾಕಿ ಮಾರ್ಸಿಯಾನೊ (1923–1969): ಚಾಂಪಿಯನ್ 1952–1956. 49 ಗೆಲುವು (43 ನಾಕೌಟ್), ಸೋಲಿಲ್ಲ.

ಮುಹಮ್ಮದ್ ಅಲಿ (1942–2016): ಮೂರು ಬಾರಿ ಚಾಂಪಿಯನ್ (1964, 1974, 1978). 56 ಗೆಲುವು (37 ನಾಕೌಟ್), 5 ಸೋಲು.

ಜಾರ್ಜ್ ಫೋರ್ಮನ್ (1949–2025): ಚಾಂಪಿಯನ್ 1973–1974, 1994ರಲ್ಲಿ 45ರ ವಯಸ್ಸಿನಲ್ಲಿ ಮತ್ತೆ ಚಾಂಪಿಯನ್.

ಲೆನಕ್ಸ್ ಲೂಯಿಸ್ (ಜನನ 1965): 41 ಗೆಲುವು, 2 ಸೋಲು, 1 ಸಮ. 1999ರಲ್ಲಿ ನಿರ್ವಿವಾದ ಚಾಂಪಿಯನ್.

ಒಲೆಕ್ಸಾಂಡರ್ ಉಸಿಕ್ (ಜನನ 1987): 2025ರ ಜುಲೈವರೆಗೆ 24 ಪಂದ್ಯಗಳಲ್ಲಿ 24 ಗೆಲುವು.